ಸಂದೇಶ ತಪ್ಪಿದಾಗ: ಗುಲಾಬಿ ಕಾಯಿಕೊರಕವು ಬಿ.ಟಿ. ಹತ್ತಿಗೆ ಬಗ್ಗದಿರುವುದರ ಹಿಂದಿನ ಜೀವಕೋಶದ ಕಥೆ



ನವೆಂಬರ್ ಅಥವಾ ಡಿಸೆಂಬರ್ ತಿಂಗಳಲ್ಲಿ ಹತ್ತಿ ಹೊಲಕ್ಕೆ ಹೋಗಿ, ಹೊರಗಿನಿಂದ ಆರೋಗ್ಯವಾಗಿ ಕಾಣುವ ಒಂದು ಹಸಿರು ಕಾಯಿಯನ್ನು ಒಡೆದು ನೋಡಿದಾಗ ಒಳಗೆ ಗುಲಾಬಿ ಬಣ್ಣದ ಹುಳು ಬೀಜವನ್ನು ತಿನ್ನುತ್ತಿರುವುದನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ಕಾಯಿಕೊರಕ ಬಾರದೆಂಬ ಭರವಸೆಯಿಂದ ಬೆಲೆ ತೆತ್ತು ಬಿ.ಟಿ. ಬೀಜವನ್ನು ಬಿತ್ತಿದ ಮೇಲೂ ಹೀಗಾದಾಗ, ‘ಬೀಜವೇ ಕಳಪೆ’ ಎಂಬ ಅನುಮಾನ ಮೂಡುವುದು ಸಹಜ. ಕೆಲವೆಡೆ ಅದು ನಿಜವೂ ಇರಬಹುದು. ಆದರೆ ಬಹಳಷ್ಟು ಹೊಲಗಳಲ್ಲಿ ಗಿಡವು ತನ್ನ ಪಾಲಿನ ವಿಷ ಪ್ರೋಟೀನನ್ನು ಸರಿಯಾಗಿಯೇ ತಯಾರಿಸುತ್ತಿರುತ್ತದೆ, ಬದಲಾಗಿರುವುದು ಹುಳು. ಅದರಲ್ಲಿಯೂ, ಹುಳುವಿನ ಜೀವಕೋಶದೊಳಗೆ ಪ್ರೋಟೀನ್ ತಯಾರಿಕೆಗೆ ಮುನ್ನ ನಡೆಯುವ ಒಂದು ಸೂಕ್ಷ್ಮ ಕೆಲಸ ಬದಲಾಗಿದೆ.

ಆ ಕೆಲಸ ಯಾವುದು, ಅದು ತಪ್ಪಿದರೆ ಹುಳು ಹೇಗೆ ಬದುಕುತ್ತದೆ ಎಂಬುದನ್ನು ತಿಳಿದರೆ, ಆಶ್ರಯ ಬೆಳೆಯನ್ನು ಏಕೆ ಬಿತ್ತಬೇಕು ಮತ್ತು ಬೆಳೆಯನ್ನು ಸಕಾಲಕ್ಕೆ ಏಕೆ ಮುಗಿಸಬೇಕು ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ವಂಶವಾಹಿಯಿಂದ ಪ್ರೋಟೀನ್‌ವರೆಗೆ

ಗಿಡವಿರಲಿ, ಹುಳುವಿರಲಿ, ಮನುಷ್ಯನಿರಲಿ, ಪ್ರತಿ ಜೀವಕೋಶದ ಕೇಂದ್ರದಲ್ಲಿ ಡಿಎನ್‌ಎ ಎಂಬ ಉದ್ದನೆಯ ಎಳೆ ಇರುತ್ತದೆ. ಯಾವ ಪ್ರೋಟೀನನ್ನು ಹೇಗೆ ತಯಾರಿಸಬೇಕು ಎಂಬ ಸೂಚನೆಗಳು ಅದರಲ್ಲಿ ಬರೆದಿಟ್ಟಂತಿರುತ್ತವೆ. ಒಂದು ಪ್ರೋಟೀನಿಗೆ ಸಂಬಂಧಿಸಿದ ಸೂಚನೆಯ ಭಾಗವನ್ನು ವಂಶವಾಹಿ ಎಂದು ಸ್ಥೂಲವಾಗಿ ಕರೆಯಬಹುದು.

ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯನ್ನು ನೆನಪಿಸಿಕೊಳ್ಳಿ. ಮೂಲ ದಾಖಲೆ ಕೊಠಡಿಯಿಂದ ಹೊರಗೆ ಬರುವುದಿಲ್ಲ. ಅಗತ್ಯವಿದ್ದವರಿಗೆ ಅದರ ನಕಲನ್ನು ಕೊಡಲಾಗುತ್ತದೆ. ಜೀವಕೋಶದಲ್ಲಿಯೂ ಹಾಗೆಯೇ. ಮೂಲ ದಾಖಲೆಯಾದ ಡಿಎನ್‌ಎ ಕೋಶಕೇಂದ್ರದಲ್ಲಿಯೇ ಉಳಿಯುತ್ತದೆ. ಅಗತ್ಯವಿರುವ ವಂಶವಾಹಿಯ ನಕಲು ಆರ್‌ಎನ್‌ಎ ರೂಪದಲ್ಲಿ ತಯಾರಾಗುತ್ತದೆ. ಈ ನಕಲು ಕೋಶಕೇಂದ್ರದಿಂದ ಹೊರಬಂದು ರೈಬೋಸೋಮ್ ಎಂಬ ಪ್ರೋಟೀನ್ ತಯಾರಿಕಾ ಘಟಕವನ್ನು ತಲುಪುತ್ತದೆ. ಸೂಚನೆಯನ್ನು ಹೊತ್ತೊಯ್ಯುವುದರಿಂದ ಇದಕ್ಕೆ ಸಂದೇಶವಾಹಕ ಆರ್‌ಎನ್‌ಎ ಎಂದು ಹೆಸರು.

ಆದರೆ ಮೊದಲು ಸಿದ್ಧವಾಗುವ ನಕಲು ಕರಡು ಪ್ರತಿ ಮಾತ್ರ. ಅದನ್ನು ತಿದ್ದಿ ಅಂತಿಮ ಪ್ರತಿಯನ್ನಾಗಿ ಮಾಡಿದ ನಂತರವೇ ಹೊರಗೆ ಕಳುಹಿಸಲಾಗುತ್ತದೆ.

ಕತ್ತರಿಸಿ ಜೋಡಿಸುವ ಕೆಲಸ

ಕರಡು ಪ್ರತಿಯಲ್ಲಿ ಮೂರು ಬಗೆಯ ತಿದ್ದುಪಡಿಗಳಾಗುತ್ತವೆ. ಎಳೆಯ ಮುಂದಿನ ತುದಿಗೆ ರಕ್ಷಣೆಯ ಟೋಪಿಯಂತಹ ಭಾಗವನ್ನು ಸೇರಿಸಲಾಗುತ್ತದೆ. ಹಿಂದಿನ ತುದಿಗೆ ಉದ್ದನೆಯ ಬಾಲವನ್ನು ಸೇರಿಸಲಾಗುತ್ತದೆ. ಸಂದೇಶ ಎಷ್ಟು ಕಾಲ ಬಾಳಬೇಕು ಎಂಬುದರಲ್ಲಿ ಈ ಬಾಲದ ಪಾತ್ರ ದೊಡ್ಡದು. ಮೂರನೆಯದು ಕತ್ತರಿಸಿ ಜೋಡಿಸುವುದು. ಇದನ್ನು ವಿಜ್ಞಾನಿಗಳು ಸ್ಪ್ಲೈಸಿಂಗ್ ಎನ್ನುತ್ತಾರೆ.

ವಂಶವಾಹಿಯ ಬರಹ ಉದ್ದಕ್ಕೂ ಒಂದೇ ಸಮನೆ ಅರ್ಥಪೂರ್ಣವಾಗಿರುವುದಿಲ್ಲ. ಪ್ರೋಟೀನಿಗೆ ಬೇಕಾದ ತುಣುಕುಗಳ ನಡುನಡುವೆ ಬೇಡದ ತುಣುಕುಗಳೂ ಇರುತ್ತವೆ. ಬೇಕಾದ ತುಣುಕು ಎಕ್ಸಾನ್. ನಡುವೆ ಬರುವ, ತೆಗೆದುಹಾಕಬೇಕಾದ ತುಣುಕು ಇಂಟ್ರಾನ್. ಇಂಟ್ರಾನುಗಳನ್ನು ಕತ್ತರಿಸಿ ತೆಗೆದು, ಎಕ್ಸಾನುಗಳನ್ನು ಕ್ರಮವಾಗಿ ಬೆಸೆದಾಗ ಅಂತಿಮ ಸಂದೇಶ ಸಿದ್ಧವಾಗುತ್ತದೆ. ಎಲ್ಲಿ ಕತ್ತರಿಸಬೇಕೆಂಬುದಕ್ಕೆ ಎಳೆಯಲ್ಲಿಯೇ ಗುರುತುಗಳಿವೆ: ಬಹುತೇಕ ಇಂಟ್ರಾನುಗಳ ಆರಂಭದಲ್ಲಿ ‘ಜಿ-ಯು’ ಎಂಬ ಎರಡಕ್ಷರವೂ, ಕೊನೆಯಲ್ಲಿ ‘ಎ-ಜಿ’ ಎಂಬ ಎರಡಕ್ಷರವೂ ಇರುತ್ತವೆ. ಈ ಗುರುತುಗಳನ್ನು ಹುಡುಕಿ ಕತ್ತರಿಸುವ ಯಂತ್ರಕ್ಕೆ ಸ್ಪ್ಲೈಸಿಯೋಸೋಮ್ ಎಂದು ಹೆಸರು. ಐದು ಚಿಕ್ಕ ಆರ್‌ಎನ್‌ಎಗಳು ಮತ್ತು ನೂರಕ್ಕೂ ಹೆಚ್ಚು ಪ್ರೋಟೀನುಗಳು ಸೇರಿ ಈ ಕೆಲಸವನ್ನು ನಿರ್ವಹಿಸುತ್ತವೆ. ವಂಶವಾಹಿಗಳು ಹೀಗೆ ತುಂಡುತುಂಡಾಗಿರುವುದನ್ನು 1977ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅವರ ತಂಡಗಳು ಪ್ರತ್ಯೇಕವಾಗಿ ಕಂಡುಹಿಡಿದವು. ಇದಕ್ಕಾಗಿ ಅವರಿಬ್ಬರಿಗೂ 1993ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕತ್ತರಿಸುವ ಜಾಗದಲ್ಲಿ ಒಂದಕ್ಷರ ತಪ್ಪಿದರೂ ಏನಾಗುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ರೈಬೋಸೋಮ್ ಸಂದೇಶವನ್ನು ಮೂರು ಮೂರು ಅಕ್ಷರಗಳಂತೆ ಓದುತ್ತದೆ. ಮೂರಕ್ಷರದ ಪದಗಳಿಂದಲೇ ಕೂಡಿದ ಈ ವಾಕ್ಯವನ್ನು ಗಮನಿಸಿ:

ಕಮಲ ಬೇಗನೆ ಹೊಲದ ಕಳೆಯ ಕಿತ್ತಳು.

ಇದರಲ್ಲಿ ‘ಮ’ ಎಂಬ ಒಂದೇ ಅಕ್ಷರವನ್ನು ತೆಗೆದು, ಮತ್ತೆ ಮೂರು ಮೂರಾಗಿ ಓದಿದರೆ:

ಕಲಬೇ ಗನೆಹೊ ಲದಕ ಳೆಯಕಿ ತ್ತಳು.

ತೆಗೆದದ್ದು ಒಂದೇ ಅಕ್ಷರವಾದರೂ ಅಲ್ಲಿಂದ ಮುಂದಿನ ಎಲ್ಲವೂ ಅರ್ಥಹೀನವಾಯಿತು. ಸಂದೇಶವಾಹಕ ಆರ್‌ಎನ್‌ಎಯಲ್ಲಿ ಹೀಗಾದಾಗ, ‘ಇಲ್ಲಿಗೆ ನಿಲ್ಲಿಸು’ ಎಂಬ ಸೂಚನೆ ಬರಬಾರದ ಕಡೆ ಬಂದುಬಿಡುತ್ತದೆ. ರೈಬೋಸೋಮ್ ಅಲ್ಲಿಯೇ ನಿಲ್ಲುತ್ತದೆ. ಪ್ರೋಟೀನ್ ಅರ್ಧಕ್ಕೇ ತುಂಡಾಗುತ್ತದೆ.

ನಿಯಂತ್ರಣದ ಬಗೆಗಳು

ಕತ್ತರಿಸುವ ಜಾಗವನ್ನು ಬದಲಿಸುವುದು ಯಾವಾಗಲೂ ತಪ್ಪಲ್ಲ. ಒಂದೇ ವಂಶವಾಹಿಯಿಂದ ಬೇರೆಬೇರೆ ಪ್ರೋಟೀನುಗಳನ್ನು ಪಡೆಯಲು ಜೀವಕೋಶವು ಇದನ್ನು ಬೇಕೆಂದೇ ಮಾಡುತ್ತದೆ. ನಮ್ಮ ರಾಜ್ಯದ ರೈತರಿಗೆ ಪರಿಚಿತವಾದ ರೇಷ್ಮೆ ಹುಳುವಿನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಯಿದೆ. ಅದರ ಲಿಂಗಲಕ್ಷಣಗಳನ್ನು ರೂಪಿಸುವ ಡಬಲ್‌ಸೆಕ್ಸ್ ಎಂಬ ವಂಶವಾಹಿ ಗಂಡಿನಲ್ಲಿಯೂ ಹೆಣ್ಣಿನಲ್ಲಿಯೂ ಒಂದೇ. ಆದರೆ ಅದರ ಕರಡು ಸಂದೇಶವನ್ನು ಗಂಡು ಹುಳುವಿನ ಜೀವಕೋಶ ಒಂದು ರೀತಿ, ಹೆಣ್ಣು ಹುಳುವಿನ ಜೀವಕೋಶ ಇನ್ನೊಂದು ರೀತಿ ಕತ್ತರಿಸಿ ಜೋಡಿಸುತ್ತದೆ. ಒಂದೇ ಬರಹ, ಎರಡು ಪರಿಣಾಮ.

ಇದಲ್ಲದೆ ಸಂದೇಶದ ಪ್ರಮಾಣ ಮತ್ತು ಆಯುಷ್ಯವನ್ನೂ ಜೀವಕೋಶ ನಿಯಂತ್ರಿಸುತ್ತದೆ. ಎಷ್ಟು ನಕಲು ತೆಗೆಯಬೇಕು, ಪ್ರತಿ ನಕಲು ಎಷ್ಟು ಹೊತ್ತು ಉಳಿಯಬೇಕು ಎಂಬುದು ಅಂಗಾಂಗಕ್ಕೆ, ವಯಸ್ಸಿಗೆ, ವಾತಾವರಣಕ್ಕೆ ತಕ್ಕಂತೆ ಬದಲಾಗುತ್ತದೆ. ಅಕಾಲದಲ್ಲಿ ನಿಲುಗಡೆ ಸೂಚನೆ ಇರುವ ದೋಷಪೂರಿತ ಸಂದೇಶಗಳನ್ನು ಗುರುತಿಸಿ ನಾಶಪಡಿಸುವ ತಪಾಸಣಾ ವ್ಯವಸ್ಥೆಯೂ ಇದೆ.

ಬಿ.ಟಿ. ವಂಶವಾಹಿಯೂ ಇದೇ ದಾರಿಯಲ್ಲಿ ಸಾಗಬೇಕಾಯಿತು

ಬಿ.ಟಿ. ಹತ್ತಿಯ ವಿಷ ಪ್ರೋಟೀನ್ ಮೂಲತಃ ಮಣ್ಣಿನಲ್ಲಿರುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ್ದು. ಬ್ಯಾಕ್ಟೀರಿಯಾದ ವಂಶವಾಹಿಯನ್ನು ಇದ್ದಂತೆಯೇ ಗಿಡಕ್ಕೆ ಸೇರಿಸಿದಾಗ ಆರಂಭದಲ್ಲಿ ಬಹಳ ಕಡಿಮೆ ಪ್ರೋಟೀನ್ ದೊರೆಯಿತು. ಆ ಬರಹದ ಕೆಲವು ಭಾಗಗಳು ಗಿಡದ ಜೀವಕೋಶಕ್ಕೆ ‘ಇಲ್ಲಿ ಕತ್ತರಿಸು’ ಅಥವಾ ‘ಇಲ್ಲಿ ಬಾಲ ಸೇರಿಸು’ ಎಂಬ ಗುರುತುಗಳಂತೆ ಕಾಣುತ್ತಿದ್ದುದು ಇದಕ್ಕೆ ಒಂದು ಕಾರಣ. ಪ್ರೋಟೀನ್ ಬದಲಾಗದಂತೆ ಬರಹವನ್ನು ಮಾತ್ರ ಗಿಡಕ್ಕೆ ಒಗ್ಗುವ ಹಾಗೆ ತಿದ್ದಿದಾಗ, ಪ್ರೋಟೀನಿನ ಪ್ರಮಾಣ ನೂರು ಪಟ್ಟಿನವರೆಗೆ ಹೆಚ್ಚಿತೆಂದು 1991ರಲ್ಲಿ ವರದಿಯಾಯಿತು. ಗಿಡದಲ್ಲಿ ಸಂದೇಶ ಸರಿಯಾಗುವಂತೆ ಮಾಡಿದ ಮೇಲೆಯೇ ಬಿ.ಟಿ. ಹತ್ತಿ ಸಾಧ್ಯವಾಯಿತು. ಮುಂದೆ ಹುಳುವು ಬಿ.ಟಿ. ಹತ್ತಿಯನ್ನು ಎದುರಿಸಿದ್ದು ತನ್ನದೇ ಸಂದೇಶ ಕೆಟ್ಟಿದ್ದರಿಂದ.

ಹುಳುವಿನ ಕರುಳಿನಲ್ಲಿರುವ ಬೀಗ

ಹುಳುವು ಬಿ.ಟಿ. ಗಿಡದ ಭಾಗವನ್ನು ತಿಂದಾಗ ವಿಷ ಪ್ರೋಟೀನ್ ಅದರ ಕರುಳನ್ನು ಸೇರುತ್ತದೆ. ಅಲ್ಲಿ ಕರುಳಿನ ಗೋಡೆಯ ಜೀವಕೋಶಗಳ ಮೇಲಿರುವ ಕೆಲವು ಪ್ರೋಟೀನುಗಳಿಗೆ ಅದು ಅಂಟಿಕೊಳ್ಳಬೇಕು. ಬೀಗಕ್ಕೆ ಕೀಲಿಕೈ ಹೊಂದಿದಂತೆ ಈ ಜೋಡಣೆ. ಹೊಂದಿದರೆ ಕರುಳಿನ ಜೀವಕೋಶಗಳಲ್ಲಿ ರಂಧ್ರಗಳುಂಟಾಗಿ, ಅವು ಒಡೆದು, ಹುಳು ತಿನ್ನುವುದನ್ನು ನಿಲ್ಲಿಸಿ ಸಾಯುತ್ತದೆ. ಹೊಂದದಿದ್ದರೆ ವಿಷವು ಅಪಾಯ ಮಾಡದೆ ಹಾಗೆಯೇ ಹೊರಹೋಗುತ್ತದೆ.

ಭಾರತದಲ್ಲಿ 2002ರಲ್ಲಿ ಅನುಮತಿ ಪಡೆದ ಮೊದಲ ಬಿ.ಟಿ. ಹತ್ತಿಯಲ್ಲಿ ಕ್ರೈ1ಎಸಿ ಎಂಬ ಒಂದೇ ವಿಷ ಪ್ರೋಟೀನ್ ಇತ್ತು. ಗುಲಾಬಿ ಕಾಯಿಕೊರಕದಲ್ಲಿ ಇದಕ್ಕೆ ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್ ಮುಖ್ಯ ಬೀಗ. 2006ರಲ್ಲಿ ಬಂದ ಎರಡನೇ ಪೀಳಿಗೆಯ ಬಿ.ಟಿ. ಹತ್ತಿಯಲ್ಲಿ ಕ್ರೈ2ಎಬಿ ಎಂಬ ಇನ್ನೊಂದು ವಿಷ ಪ್ರೋಟೀನನ್ನೂ ಸೇರಿಸಲಾಯಿತು. ಇದರ ಪರಿಣಾಮಕ್ಕೆ ಎಬಿಸಿಎ2 ಎಂಬ ಬೇರೊಂದು ಪ್ರೋಟೀನ್ ಅಗತ್ಯ. ಒಂದು ಬೀಗ ಕೆಟ್ಟರೂ ಇನ್ನೊಂದು ಇರುತ್ತದೆ ಎಂಬುದು ಎರಡು ವಿಷಗಳನ್ನು ಸೇರಿಸಿದ್ದರ ಹಿಂದಿನ ವಿಚಾರ.

ಬೀಗ ಕೆಟ್ಟಿದ್ದು ಹೇಗೆ?

ಗುಜರಾತಿನಲ್ಲಿ ಕ್ರೈ1ಎಸಿ ಹತ್ತಿಯ ಮೇಲೆ ಗುಲಾಬಿ ಕಾಯಿಕೊರಕ ಬದುಕುಳಿಯುತ್ತಿರುವುದು 2010ರ ವೇಳೆಗೆ ದೃಢಪಟ್ಟಿತು. ಭಾರತದ ಹೊಲಗಳ ಇಂತಹ ಪ್ರತಿರೋಧಕ ಹುಳುಗಳ ಕ್ಯಾಡ್‌ಹೆರಿನ್ ವಂಶವಾಹಿಯನ್ನು ಪರಿಶೀಲಿಸಿದ ವಿಜ್ಞಾನಿಗಳು 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತೀವ್ರವಾಗಿ ಕೆಟ್ಟ 8 ಹೊಸ ವಂಶವಾಹಿ ರೂಪಗಳು ಅವರಿಗೆ ದೊರೆತವು. ಆ 8 ರೂಪಗಳಿಂದ ಒಟ್ಟು 19 ಬಗೆಯ ಸಂದೇಶಗಳು ತಯಾರಾಗುತ್ತಿದ್ದವು. ಪ್ರತಿಯೊಂದರಲ್ಲಿಯೂ ಅಕಾಲದ ನಿಲುಗಡೆ ಸೂಚನೆ, ಇಲ್ಲವೇ ಕನಿಷ್ಠ 99 ಅಕ್ಷರಗಳ ಕೊರತೆ, ಇಲ್ಲವೇ ಎರಡೂ ಇದ್ದವು. 8ರಲ್ಲಿ 7 ರೂಪಗಳು ಒಂದಕ್ಕಿಂತ ಹೆಚ್ಚು ಬಗೆಯ ಸಂದೇಶಗಳನ್ನು ಕೊಡುತ್ತಿದ್ದವು. ಅಂದರೆ ಒಂದೇ ಕರಡನ್ನು ಜೀವಕೋಶ ಒಮ್ಮೆ ಒಂದು ಕಡೆ, ಮತ್ತೊಮ್ಮೆ ಇನ್ನೊಂದು ಕಡೆ ಕತ್ತರಿಸುತ್ತಿತ್ತು. ಯಾವುದರಿಂದಲೂ ಸರಿಯಾದ ಬೀಗ ತಯಾರಾಗುತ್ತಿರಲಿಲ್ಲ.

ಕ್ರೈ2ಎಬಿ ವಿಷಯದಲ್ಲಿಯೂ ಇದೇ ಬಗೆಯ ದೋಷ ಕಂಡಿತು. ಅಮೆರಿಕದ ಅರಿಜೋನಾ ಮೂಲದ, ಪ್ರಯೋಗಾಲಯದಲ್ಲಿ ಪ್ರತಿರೋಧ ಬೆಳೆಸಿದ ಹುಳುಗಳಲ್ಲಿಯೂ ಭಾರತದ ಹೊಲಗಳ ಪ್ರತಿರೋಧಕ ಹುಳುಗಳಲ್ಲಿಯೂ ಎಬಿಸಿಎ2 ಸಂದೇಶದ ಜೋಡಣೆ ತಪ್ಪಿರುವುದನ್ನು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹೀಗೆ ಎರಡೂ ವಿಷಗಳ ಎದುರು ಹುಳು ಉಳಿದಿರುವುದಕ್ಕೆ ಸಂದೇಶವನ್ನು ತಪ್ಪಾಗಿ ಕತ್ತರಿಸಿ ಜೋಡಿಸಿರುವುದು ಕಾರಣವಾಗಿ ಕಂಡುಬಂದಿದೆ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಹುಳುವು ವಿಷಕ್ಕೆ ಪ್ರತಿವಿಷವನ್ನು ಕಲಿತಿಲ್ಲ. ವಿಷವನ್ನು ಕಂಡು ತನ್ನನ್ನು ಬದಲಿಸಿಕೊಂಡದ್ದೂ ಅಲ್ಲ. ಇಂತಹ ದೋಷವುಳ್ಳ ಹುಳುಗಳು ಆಕಸ್ಮಿಕವಾಗಿ, ಬಹಳ ವಿರಳವಾಗಿ ಹುಟ್ಟುತ್ತಿರುತ್ತವೆ. ಎಲ್ಲೆಡೆ ಬಿ.ಟಿ. ಹತ್ತಿಯೇ ಇದ್ದಾಗ ಉಳಿದವು ಸತ್ತು ಇವು ಮಾತ್ರ ಬದುಕಿ ಸಂತಾನವನ್ನು ಹೆಚ್ಚಿಸಿಕೊಂಡವು. ಆರಿಸಿದ್ದು ನಮ್ಮ ಬೇಸಾಯ ಕ್ರಮ.

ಆಶ್ರಯ ಬೆಳೆಯ ಲೆಕ್ಕ

ಪ್ರತಿ ಹುಳುವಿಗೂ ಒಂದು ವಂಶವಾಹಿಯ ಎರಡು ಪ್ರತಿಗಳಿರುತ್ತವೆ: ತಾಯಿಯಿಂದ ಒಂದು, ತಂದೆಯಿಂದ ಒಂದು. ಒಂದು ಪ್ರತಿ ಕೆಟ್ಟು ಇನ್ನೊಂದು ಸರಿಯಿದ್ದರೆ, ಸರಿಯಿರುವ ಪ್ರತಿಯಿಂದ ಬೀಗ ತಯಾರಾಗಿ, ವಿಷದ ಪ್ರಮಾಣ ಸಾಕಷ್ಟಿದ್ದಲ್ಲಿ ಹುಳು ಸಾಯುತ್ತದೆ. ಎರಡೂ ಕೆಟ್ಟಿದ್ದರೆ ಮಾತ್ರ ಬದುಕುತ್ತದೆ. ಲೆಕ್ಕಕ್ಕೆ, ನೂರು ಪ್ರತಿಗಳಲ್ಲಿ ಒಂದು ಕೆಟ್ಟಿದೆ ಎಂದುಕೊಳ್ಳೋಣ. ಪತಂಗಗಳು ಯಾವ ಭೇದವೂ ಇಲ್ಲದೆ ಕೂಡಿದರೆ, ಎರಡೂ ಪ್ರತಿ ಕೆಟ್ಟ ಹುಳು ಹತ್ತು ಸಾವಿರಕ್ಕೆ ಒಂದು ಮಾತ್ರ.

ಬಿ.ಟಿ. ರಹಿತ ಹತ್ತಿಯ ಸಾಲುಗಳಲ್ಲಿ ಸಾಮಾನ್ಯ ಹುಳುಗಳು ಸಾಕಷ್ಟು ಬದುಕಿ ಪತಂಗಗಳಾಗುತ್ತವೆ. ಬಿ.ಟಿ. ಹತ್ತಿಯಿಂದ ಹೊರಬಂದ ಅಪರೂಪದ ಪ್ರತಿರೋಧಕ ಪತಂಗಕ್ಕೆ ಇಂತಹ ಸಾಮಾನ್ಯ ಪತಂಗವೇ ಜೊತೆಯಾಗುವ ಸಂಭವ ಹೆಚ್ಚು. ಅವುಗಳ ಮರಿಗಳಿಗೆ ಒಂದು ಪ್ರತಿ ಸರಿಯಾಗಿರುವುದರಿಂದ ಅವು ಬಿ.ಟಿ. ಗಿಡದ ಮೇಲೆ ಸಾಯುತ್ತವೆ. ಆದ್ದರಿಂದಲೇ ಹೊಲದ ಸುತ್ತ 5 ಸಾಲು ಅಥವಾ ಶೇ. 20ರಷ್ಟು ಪ್ರದೇಶ, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟರಲ್ಲಿ ಬಿ.ಟಿ. ರಹಿತ ಹತ್ತಿ ಬೆಳೆಯಬೇಕೆಂಬ ನಿಯಮ ಮಾಡಲಾಗಿತ್ತು. ಪೊಟ್ಟಣದೊಂದಿಗೆ ಕೊಟ್ಟ ಆಶ್ರಯ ಬೀಜವನ್ನು ‘ಹುಳುವಿಗೆ ಮೇವು ಏಕೆ’ ಎಂದು ಬದುವಿನ ಆಚೆಗೆ ಎಸೆದವರು ಅನೇಕರು. ಆ ಕೆಲವು ಸಾಲುಗಳು ಉಳಿದ ಹೊಲಕ್ಕೆ ಕಾವಲಾಗಿದ್ದವು.

ನಮ್ಮಲ್ಲಿ ಸಮಸ್ಯೆ ಬೇಗ ಬೆಳೆಯಲು ಇನ್ನೆರಡು ಕಾರಣಗಳಿವೆ. ಮೊದಲನೆಯದು, ನಾವು ಬೆಳೆಯುವುದು ಹೆಚ್ಚಾಗಿ ಸಂಕರಣ ತಳಿಗಳನ್ನು. ಬಿ.ಟಿ. ವಂಶವಾಹಿ ಒಬ್ಬ ಪೋಷಕನಿಂದ ಮಾತ್ರ ಬಂದಿರುವ ಸಂಕರಣ ಗಿಡದ ಕಾಯಿಗಳಲ್ಲಿ, ಒಂದು ವಂಶವಾಹಿಯ ಲೆಕ್ಕದಂತೆ, ನಾಲ್ಕರಲ್ಲಿ ಒಂದು ಬೀಜಕ್ಕೆ ಆ ವಂಶವಾಹಿ ಇರುವುದಿಲ್ಲ. ಗುಲಾಬಿ ಕಾಯಿಕೊರಕ ತಿನ್ನುವುದು ಬೀಜವನ್ನೇ ಆದ್ದರಿಂದ, ಒಂದೇ ಕಾಯಿಯೊಳಗೆ ಅದಕ್ಕೆ ವಿಷವಿರುವ, ವಿಷವಿಲ್ಲದ ಬೀಜಗಳೆರಡೂ ದೊರೆಯುತ್ತವೆ. ಇಂತಹ ಅರೆಬರೆ ವಿಷದಲ್ಲಿ ಒಂದೇ ಪ್ರತಿ ಕೆಟ್ಟ ಹುಳುಗಳೂ ಉಳಿಯಲು ಅವಕಾಶವಾಗುತ್ತದೆ. ಎರಡನೆಯದು, ಬೆಳೆಯನ್ನು ಬಹಳ ದಿನ ಹೊಲದಲ್ಲಿ ಉಳಿಸುವುದು. ಗಿಡಕ್ಕೆ ವಯಸ್ಸಾದಂತೆ ವಿಷ ಪ್ರೋಟೀನಿನ ಪ್ರಮಾಣ ಇಳಿಯುತ್ತದೆ. ಅದೇ ಹೊತ್ತಿಗೆ ಹುಳುವಿನ ಪೀಳಿಗೆಗಳು ಒಂದರ ಮೇಲೊಂದು ಬರುತ್ತವೆ.

ಈ ಲೆಕ್ಕ ಬರೀ ಕಾಗದದ ಮೇಲಿನದಲ್ಲ. ಚೀನಾದ ಯಾಂಗ್ಟ್ಸಿ ನದಿ ಕಣಿವೆಯಲ್ಲಿ ರೈತರು ಸಂಕರಣದ ಎರಡನೇ ಪೀಳಿಗೆಯ ಬೀಜವನ್ನು ಬಿತ್ತತೊಡಗಿದಾಗ, ಹೊಲದ ಸುಮಾರು ಕಾಲುಭಾಗ ಗಿಡಗಳು ಇಡಿಯಾಗಿ ಬಿ.ಟಿ. ರಹಿತವಾಗಿ ಆಶ್ರಯ ಬೆಳೆಯಂತೆ ಕೆಲಸ ಮಾಡಿದವು. ಅಲ್ಲಿ ಹೆಚ್ಚುತ್ತಿದ್ದ ಪ್ರತಿರೋಧ ಇಳಿಯಿತು. ಅಮೆರಿಕದಲ್ಲಿ ಬಿ.ಟಿ. ಹತ್ತಿ, ಬಂಜೆಗೊಳಿಸಿದ ಪತಂಗಗಳ ಬಿಡುಗಡೆ ಮತ್ತು ಇತರ ಕ್ರಮಗಳನ್ನು ಒಟ್ಟಾಗಿ ಕೈಗೊಂಡು, ಹತ್ತಿ ಬೆಳೆಯುವ ಪ್ರದೇಶಗಳು ಗುಲಾಬಿ ಕಾಯಿಕೊರಕದಿಂದ ಮುಕ್ತವೆಂದು 2018ರಲ್ಲಿ ಘೋಷಿಸಲಾಯಿತು.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ರೈತರು ‘ಬೀಜ ಕಳಪೆ’ ಎಂದು ದೂರಿದಾಗ ಮೊದಲು ಎಲೆಯ ಮಾದರಿಯಲ್ಲಿ ಬಿ.ಟಿ. ಪಟ್ಟಿ ಪರೀಕ್ಷೆ ಮಾಡಿಸಬೇಕು. ಪಟ್ಟಿಯಲ್ಲಿ ವಿಷ ಪ್ರೋಟೀನ್ ಇರುವುದು ಕಂಡುಬಂದು, ಕಾಯಿಯಲ್ಲಿ ಬದುಕಿರುವುದು ಗುಲಾಬಿ ಕಾಯಿಕೊರಕವೇ ಆಗಿದ್ದರೆ, ಅಲ್ಲಿ ಹುಳುವಿನ ಪ್ರತಿರೋಧವನ್ನು ಶಂಕಿಸಬೇಕು. ಪ್ರೋಟೀನ್ ಇಲ್ಲದಿದ್ದರೆ ಬೀಜದ ವಿಚಾರಣೆ ನಡೆಯಬೇಕು. ಎರಡನ್ನೂ ಬೆರೆಸಿ ಹೇಳಿದರೆ ರೈತರಿಗೆ ಪರಿಹಾರವೂ ಸಿಗದು, ಕೀಟವೂ ಹತೋಟಿಗೆ ಬಾರದು.

ಇನ್ನೊಂದು ಮಾತು. ಸಂದೇಶ ಕೆಡುವ ಬಗೆಗಳು ಹತ್ತಾರು ಇರುವುದರಿಂದ, ಒಂದೆರಡು ದೋಷಗಳನ್ನು ಮಾತ್ರ ಹುಡುಕುವ ಡಿಎನ್‌ಎ ಪರೀಕ್ಷೆಯಿಂದ ಎಲ್ಲ ಪ್ರತಿರೋಧಕ ಹುಳುಗಳನ್ನೂ ಗುರುತಿಸಲಾಗದು. ಕಾಯಿಗಳನ್ನು ಒಡೆದು ಜೀವಂತ ಹುಳುಗಳನ್ನು ಎಣಿಸುವುದು, ಅವುಗಳನ್ನು ಪ್ರಯೋಗಾಲಯಕ್ಕೆ ಕಳುಹಿಸಿ ವಿಷದ ಎದುರು ಪರೀಕ್ಷಿಸುವುದು ಇಂದಿಗೂ ಅತ್ಯಗತ್ಯ.

ಕೈಗೊಳ್ಳಬೇಕಾದ ಕ್ರಮಗಳು

ಕೆಟ್ಟ ಸಂದೇಶವನ್ನು ಹೊಲದಲ್ಲಿ ಸರಿಪಡಿಸಲು ಸಾಧ್ಯವಿಲ್ಲ. ಆದರೆ ಅದನ್ನು ಹೊತ್ತ ಹುಳುಗಳು ಒಂದು ಹಂಗಾಮಿನಿಂದ ಮುಂದಿನ ಹಂಗಾಮಿಗೆ ದಾಟದಂತೆ ತಡೆಯಬಹುದು.

1. ಆಶ್ರಯ ಬೀಜವನ್ನು ತಪ್ಪದೆ ಬಿತ್ತಬೇಕು. ಬಿ.ಟಿ. ರಹಿತ ಬೀಜವನ್ನು ಪೊಟ್ಟಣದಲ್ಲಿಯೇ ಬೆರೆಸಿದ್ದರೆ ಅದನ್ನು ಬೇರ್ಪಡಿಸಬಾರದು. ಪ್ರತಿರೋಧ ಈಗಾಗಲೇ ಹರಡಿರುವಲ್ಲಿ ಇದೊಂದೇ ಸಾಲದು. ಮುಂದಿನ ಕ್ರಮಗಳೂ ಜೊತೆಗಿರಬೇಕು.

2. ಕಡಿಮೆ ಅವಧಿಯ ತಳಿಗಳನ್ನು ಆರಿಸಿ, ಒಂದು ಊರಿನವರೆಲ್ಲರೂ ಸಾಧ್ಯವಾದಷ್ಟು ಒಂದೇ ಸಮಯದಲ್ಲಿ ಬಿತ್ತನೆ ಮಾಡುವುದು ಸೂಕ್ತ.

3. ಬಿತ್ತನೆಯಾದ 45 ದಿನಗಳ ನಂತರ ಎಕರೆಗೆ 2ರಂತೆ ಮೋಹಕ ಬಲೆಗಳನ್ನು ಹಾಕಿ ಪತಂಗಗಳನ್ನು ಎಣಿಸಬೇಕು. ಸತತ ಮೂರು ರಾತ್ರಿ ಪ್ರತಿ ಬಲೆಗೆ 8 ಪತಂಗಗಳು ಬಿದ್ದರೆ ಹತೋಟಿ ಕ್ರಮ ಅಗತ್ಯವೆಂದು ತಿಳಿಯಬೇಕು.

4. ಗುಲಾಬಿ ಹೂವಿನಂತೆ ಮುದುಡಿಕೊಂಡ ಹತ್ತಿ ಹೂಗಳನ್ನು ಕಿತ್ತು ನಾಶಪಡಿಸಬೇಕು. ವಾರಕ್ಕೊಮ್ಮೆ 20 ಹಸಿರು ಕಾಯಿಗಳನ್ನು ಒಡೆದು ನೋಡಬೇಕು. 2 ಕಾಯಿಗಳಲ್ಲಿ ಹುಳುವಿದ್ದರೆ ಹಾನಿ ಶೇ. 10 ತಲುಪಿದೆ ಎಂದರ್ಥ.

5. ಮೊಟ್ಟೆಯೊಡೆದ ಮರಿಹುಳು ಬೇಗನೆ ಕಾಯಿಯೊಳಗೆ ಸೇರುತ್ತದೆ. ಆಮೇಲೆ ಸಿಂಪಡಿಸಿದ ಔಷಧ ಅದನ್ನು ಮುಟ್ಟುವುದಿಲ್ಲ. ಆದ್ದರಿಂದ ಬಲೆಯ ಎಣಿಕೆಯನ್ನು ಆಧರಿಸಿ, ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದ ಶಿಫಾರಸಿನಂತೆ ಮಾತ್ರ ಕೀಟನಾಶಕ ಬಳಸಬೇಕು. ಒಂದೇ ಕೀಟನಾಶಕವನ್ನು ಮತ್ತೆ ಮತ್ತೆ ಸಿಂಪಡಿಸಬಾರದು.

6. ಡಿಸೆಂಬರ್ ಅಂತ್ಯಕ್ಕೆ ಬೆಳೆಯನ್ನು ಮುಗಿಸಬೇಕು. ಇನ್ನೊಂದು ಬಿಡಿಸುವಿಕೆಯ ಆಸೆಗೆ ನೀರು, ಗೊಬ್ಬರ ಕೊಟ್ಟು ಮುಂದುವರಿಸಿದರೆ ಆ ಕಾಯಿಗಳು ಹುಳುವಿನ ಮುಂದಿನ ಪೀಳಿಗೆಗೆ ಮನೆಯಾಗುತ್ತವೆ.

7. ಹತ್ತಿ ಕಟ್ಟಿಗೆಯನ್ನು ಬದುವಿನಲ್ಲಿ, ಮನೆಯ ಹಿತ್ತಲಲ್ಲಿ ಒಟ್ಟಬಾರದು. ಒಣ ಕಾಯಿ ಮತ್ತು ಬೀಜದೊಳಗೆ ಹುಳು ಸುಪ್ತಾವಸ್ಥೆಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಕಟ್ಟಿಗೆಯನ್ನು ಪುಡಿಮಾಡಿ ಮಣ್ಣಿಗೆ ಸೇರಿಸುವುದು, ಮಾಗಿ ಉಳುಮೆ ಮಾಡುವುದು ಉತ್ತಮ.

8. ಮುಂದಿನ ಹಂಗಾಮಿನಲ್ಲಿ ಬೆಳೆ ಪರಿವರ್ತನೆ ಅನುಸರಿಸಬೇಕು. ಬೆಂಡೆಯೂ ಈ ಹುಳುವಿಗೆ ಆಸರೆಯಾಗುವುದರಿಂದ ಹತ್ತಿಯ ಹಿಂದೆಯೇ ಬೆಂಡೆಯನ್ನು ಬೆಳೆಯಬಾರದು.

ಕೊನೆಯದಾಗಿ

ಹಸಿರು ಕಾಯಿಕೊರಕವನ್ನು ಬಿ.ಟಿ. ಹತ್ತಿ ಇಂದಿಗೂ ಬಹುಮಟ್ಟಿಗೆ ತಡೆಯುತ್ತಿದೆ. ಅದರ ವಿಷಯದಲ್ಲಿಯೂ ಗುಲಾಬಿ ಕಾಯಿಕೊರಕದ ಕಥೆ ಮರುಕಳಿಸಬಾರದು. ನಾಳೆ ಹೊಸ ವಂಶವಾಹಿಯುಳ್ಳ ಬೀಜ ಮಾರುಕಟ್ಟೆಗೆ ಬಂದರೂ ಅದನ್ನು ಎದುರಿಸಬಲ್ಲ ಹುಳು ಎಲ್ಲೋ ಒಂದು ಕಾಯಿಯಲ್ಲಿ, ಹತ್ತು ಸಾವಿರಕ್ಕೋ ಲಕ್ಷಕ್ಕೋ ಒಂದರಂತೆ, ಇದ್ದೇ ಇರಬಹುದು. ಅದು ಒಂಟಿಯಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು ಬಿತ್ತುವವರ ಕೈಯಲ್ಲಿದೆ. ಒಬ್ಬರ ಹೊಲದ ಪತಂಗ ಬೇಲಿಯನ್ನು ಲೆಕ್ಕಿಸುವುದಿಲ್ಲವಾದ್ದರಿಂದ, ಈ ಕ್ರಮಗಳನ್ನು ಊರಿನ ಹತ್ತಿ ಬೆಳೆಗಾರರೆಲ್ಲರೂ ಕೂಡಿ ಕೈಗೊಂಡಾಗ ಮಾತ್ರ ಪೂರ್ಣ ಫಲ ದೊರೆಯುತ್ತದೆ.